ಪರದೆಯ ಮೇಲಿನ ಕತ್ತಲೆ

ಮುಂಬಯಿಯ ನಮ್ಮ ಬಳಗದಲ್ಲಿ ತಿಂಗಳಿಗೊಮ್ಮೆ ಹಳೆಯ ಕನ್ನಡ ಚಿತ್ರವೊಂದನ್ನು ಕೂಡಿ ನೋಡುವ ಪರಿಪಾಠ ಹಲವು ವರ್ಷಗಳದು. ಅದಕ್ಕೆಂದು ಸದಸ್ಯರ ವಂತಿಗೆಯಿಂದ ಕೊಂಡಿದ್ದ ಐವತ್ತು ಅಂಗುಲದ ಪ್ಲಾಸ್ಮಾ ಟಿ.ವಿ. ಈಚೆಗೆ ಕೆಟ್ಟುನಿಂತಿತು. ರಿಪೇರಿಯವರು ಬಿಚ್ಚಿ ನೋಡಿ, ಇದರ ಬಿಡಿಭಾಗ ಇನ್ನು ಎಲ್ಲಿಯೂ ಸಿಗದು ಎಂದುಬಿಟ್ಟರು. ಹೊಸದನ್ನು ಕೊಳ್ಳಲು ಅಂಗಡಿಗೆ ಹೋದರೆ ಎಲ್‌ಇಡಿ, ಕ್ಯೂಎಲ್‌ಇಡಿ, ಮಿನಿ ಎಲ್‌ಇಡಿ, ಓಎಲ್‌ಇಡಿ ಎಂಬ ಒಂದೇ ಪ್ರಾಸದ ಹೆಸರುಗಳು. ಈ ಹೆಸರುಗಳ ಹಿಂದೆ ಏನಿದೆ, ಅಷ್ಟು ಚೆಂದವಾಗಿ ಚಿತ್ರ ತೋರುತ್ತಿದ್ದ ನಮ್ಮ ಹಳೆಯ ಪರದೆಯ ಕುಲವೇ ಏಕೆ ಅಳಿಯಿತು ಎಂದು ವಿಚಾರಿಸುತ್ತ ಹೋದಾಗ ನಮಗೆ ಕಂಡ ಚರಿತ್ರೆಯನ್ನು ಇಲ್ಲಿ ಹೇಳುತ್ತಿದ್ದೇವೆ.

ಪರದೆಗೆ ಬೆಳಕನ್ನು ತೋರುವುದು ಸುಲಭ, ಕತ್ತಲೆಯನ್ನು ತೋರುವುದು ಕಷ್ಟ. ನಮ್ಮ ಬಾಲ್ಯದ ಪೆಟ್ಟಿಗೆಯಂಥ ಟಿ.ವಿ.ಯಲ್ಲಿ ಈ ಕಷ್ಟ ಅಷ್ಟಾಗಿ ಇರಲಿಲ್ಲ. ಅದರ ಗಾಜಿನ ಕೊಳವೆಯೊಳಗೆ ಎಲೆಕ್ಟ್ರಾನುಗಳು ಬಡಿದ ಕಡೆ ಮಾತ್ರ ಲೇಪ ಹೊಳೆಯುತ್ತಿತ್ತು; ಬಡಿಯದ ಕಡೆ ಕಪ್ಪು. ಆದರೆ ಒಳಗಿನ ನಿರ್ವಾತವನ್ನು ತಾಳಿಕೊಳ್ಳಲು ಪರದೆ ಹಿಗ್ಗಿದಷ್ಟೂ ಗಾಜು ದಪ್ಪವಾಗಬೇಕು, ಕೊಳವೆ ಆಳವಾಗಬೇಕು. ದೊಡ್ಡ ಟಿ.ವಿ.ಯೆಂದರೆ ನಾಲ್ಕು ಜನ ಹೊರುವ ಬಂಡೆಯಾಗುತ್ತಿತ್ತು. ಗೋಡೆಗೆ ತೂಗುಹಾಕಬಹುದಾದ ಪರದೆಗಾಗಿ ವಿಜ್ಞಾನಿಗಳು ಹುಡುಕಾಡಿದ್ದು ಇದರಿಂದಲೇ.

ಆ ಹುಡುಕಾಟದಲ್ಲಿ ಎರಡು ದಾರಿಗಳು ಬೇರೆಬೇರೆಯಾಗಿ ಹೊರಟವು. ಮೊದಲನೆಯದು ಪ್ಲಾಸ್ಮಾ. 1964ರಲ್ಲಿ ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಡೊನಾಲ್ಡ್ ಬಿಟ್ಜರ್, ಜೀನ್ ಸ್ಲಾಟೋ ಮತ್ತು ಅವರ ವಿದ್ಯಾರ್ಥಿ ರಾಬರ್ಟ್ ವಿಲ್ಸನ್ ಇದನ್ನು ರೂಪಿಸಿದರು. ಅವರಿಗೆ ಬೇಕಾಗಿದ್ದುದು ಮನರಂಜನೆಯಲ್ಲ. ಪ್ಲೇಟೋ ಎಂಬ ಕಂಪ್ಯೂಟರ್ ಪಾಠವ್ಯವಸ್ಥೆಗೆ ಒಂದು ಪರದೆ. ಗಾಜಿನ ಎರಡು ಹಲಗೆಗಳ ನಡುವಿನ ಪುಟ್ಟ ಕೋಶಗಳಲ್ಲಿ ಅನಿಲ ತುಂಬಿ, ವಿದ್ಯುತ್ತು ಹರಿಸಿ ಹೊಳೆಯಿಸಿದರು. ಆ ಮೊದಲ ಪರದೆಗಳ ಬೆಳಕು ಬರಿಯ ಕಿತ್ತಳೆ ಬಣ್ಣದ್ದು. ಬಣ್ಣದ ದೊಡ್ಡ ಪ್ಲಾಸ್ಮಾ ಟಿ.ವಿ. ಅಂಗಡಿಗೆ ಬರಲು 1990ರ ದಶಕದವರೆಗೆ ಕಾಯಬೇಕಾಯಿತು. ಇಲ್ಲಿ ಪ್ರತಿಯೊಂದು ಕೋಶವೂ ತನಗೆ ತಾನೇ ದೀಪ. ಅದನ್ನು ತಣಿಸಿದರೆ ಆ ಜಾಗ ಬಹುಮಟ್ಟಿಗೆ ಕಪ್ಪಾಗುತ್ತದೆ.

ಎರಡನೆಯದು ದ್ರವಸ್ಫಟಿಕದ ದಾರಿ, ಎಂದರೆ ಎಲ್‌ಸಿಡಿ. ಇದರ ಮೂಲ ಇನ್ನೂ ಹಳೆಯದು. 1888ರಲ್ಲಿ ಪ್ರಾಗ್ ನಗರದಲ್ಲಿದ್ದ ಆಸ್ಟ್ರಿಯಾದ ಸಸ್ಯವಿಜ್ಞಾನಿ ಫ್ರೀಡ್ರಿಷ್ ರೈನಿಟ್ಜರ್ ಕೊಲೆಸ್ಟರಾಲಿನಿಂದ ತಯಾರಿಸಿದ ಒಂದು ವಸ್ತು ಎರಡು ಬಾರಿ ಕರಗುವುದನ್ನು ಕಂಡರು. 145 ಡಿಗ್ರಿಯ ಬಳಿ ಅದು ಮಬ್ಬಾದ ದ್ರವವಾಗುತ್ತಿತ್ತು, 178ರ ಬಳಿ ತಿಳಿಯಾಗುತ್ತಿತ್ತು. ನಡುವಿನ ಆ ಮಬ್ಬು ಸ್ಥಿತಿಯೇ ದ್ರವಸ್ಫಟಿಕ. 1968ರಲ್ಲಿ ಅಮೆರಿಕದ ಆರ್‌ಸಿಎ ಸಂಸ್ಥೆಯ ಜಾರ್ಜ್ ಹೈಲ್ಮಾಯರ್ ಮತ್ತು ಸಂಗಡಿಗರು ಅದರಿಂದ ಮಾಡಿದ ಪರದೆಯನ್ನು ಲೋಕಕ್ಕೆ ತೋರಿಸಿದರು. ಆದರೆ ಅದನ್ನು ಮನೆಮನೆಗೆ ಮುಟ್ಟಿಸಿದವರು ಜಪಾನಿನವರು. ಮೊದಲು ಗಡಿಯಾರ, ಕ್ಯಾಲ್ಕ್ಯುಲೇಟರುಗಳ ರೂಪದಲ್ಲಿ. ಎಲ್‌ಸಿಡಿಗೆ ಸ್ವಂತ ಬೆಳಕಿಲ್ಲ. ಟಿ.ವಿ.ಯಲ್ಲಿ ಅದರ ಹಿಂದೆ ದೀಪ ಸದಾ ಉರಿಯುತ್ತಿರಬೇಕು. ದ್ರವಸ್ಫಟಿಕವು ಕೆರೆಯ ತೂಬಿನಂತೆ ಆ ಬೆಳಕನ್ನು ಬಿಡುತ್ತದೆ ಅಥವಾ ತಡೆಯುತ್ತದೆ. ತೂಬು ಮುಚ್ಚಿದ್ದರೂ ಒಂದಿಷ್ಟು ನೀರು ಜಿನುಗುವಂತೆ ಇಲ್ಲಿಯೂ ಬೆಳಕು ಜಿನುಗುತ್ತದೆ; ಕಪ್ಪು ಬೂದಿಬಣ್ಣಕ್ಕೆ ತಿರುಗುತ್ತದೆ. ಪಕ್ಕದಿಂದ ನೋಡಿದರೆ ಚಿತ್ರ ಮಾಸುವುದು ಇದರ ಇನ್ನೊಂದು ಕೊರತೆ.

ಈ ಎರಡನೆಯ ಕೊರತೆಯ ಕಥೆಯಲ್ಲಿ ಬೆಂಗಳೂರಿಗೂ ಪಾಲುಂಟು. ಅಲ್ಲಿನ ರಾಮನ್ ಸಂಶೋಧನಾ ಸಂಸ್ಥೆಯಲ್ಲಿ 1977ರಲ್ಲಿ ಎಸ್. ಚಂದ್ರಶೇಖರ್, ಬಿ.ಕೆ. ಸದಾಶಿವ, ಕೆ.ಎ. ಸುರೇಶ್ ಅವರು ಬಿಲ್ಲೆಯಾಕಾರದ ಅಣುಗಳೂ ದ್ರವಸ್ಫಟಿಕವಾಗಬಲ್ಲವೆಂದು ತೋರಿಸಿದರು. ಅದುವರೆಗೆ ಕಡ್ಡಿಯಂತಹ ಅಣುಗಳಿಗೆ ಮಾತ್ರ ಆ ಗುಣವೆಂದು ನಂಬಲಾಗಿತ್ತು. 1990ರ ದಶಕದಲ್ಲಿ ಜಪಾನಿನ ಫ್ಯೂಜಿ ಸಂಸ್ಥೆ ಇಂತಹ ಬಿಲ್ಲೆ ಅಣುಗಳನ್ನು ಹಾಸಿದ ತೆಳುಹಾಳೆಯನ್ನು ತಯಾರಿಸಿತು. ಅದನ್ನು ಅಂಟಿಸಿದ ಕಂಪ್ಯೂಟರ್ ಪರದೆಗಳನ್ನು ಓರೆಯಿಂದಲೂ ಓದಬಹುದಾಯಿತು.

ಈ ಶತಮಾನದ ಮೊದಲ ದಶಕದಲ್ಲಿ ಎರಡೂ ದಾರಿಗಳು ಅಂಗಡಿಯಲ್ಲಿ ಸಂಧಿಸಿದವು. ಚಿತ್ರದ ಗುಣ ಬಲ್ಲವರು ಪ್ಲಾಸ್ಮಾವನ್ನು ಮೆಚ್ಚಿದರು. ಪಯೊನೀರ್ ಸಂಸ್ಥೆ 2007ರಲ್ಲಿ ತಂದ ಪರದೆಗೆ ಇಟ್ಟ ಹೆಸರೇ ‘ಕುರೊ’. ಜಪಾನಿ ಭಾಷೆಯಲ್ಲಿ ಹಾಗೆಂದರೆ ಕಪ್ಪು. ಆದರೂ 2009ರಲ್ಲಿ ಆ ಸಂಸ್ಥೆ ಟಿ.ವಿ. ವ್ಯವಹಾರವನ್ನೇ ಬಿಡುವುದಾಗಿ ಸಾರಿತು. 2013ರ ಕೊನೆಗೆ ಪ್ಯಾನಸೋನಿಕ್ ಪ್ಲಾಸ್ಮಾ ತಯಾರಿಕೆಯನ್ನು ನಿಲ್ಲಿಸಿತು. ಮರುವರ್ಷ ಸ್ಯಾಮ್‌ಸಂಗ್, ಎಲ್‌ಜಿ ಸಂಸ್ಥೆಗಳೂ ಕೈಬಿಟ್ಟವು. ಇದಕ್ಕೆ ಕಾರಣಗಳು ಹಲವು. ಎಲ್‌ಸಿಡಿಯ ವಿದ್ಯೆ ಫೋನು, ಕಂಪ್ಯೂಟರು, ಟಿ.ವಿ. ಎಲ್ಲಕ್ಕೂ ಒದಗುತ್ತಿದ್ದುದರಿಂದ ಅದರ ಕಾರ್ಖಾನೆಗಳು ಬೆಳೆದು ಬೆಲೆ ಇಳಿಯಿತು. ಪ್ಲಾಸ್ಮಾ ಹೆಚ್ಚು ವಿದ್ಯುತ್ತನ್ನು ಬೇಡುತ್ತಿತ್ತು, ಅದರ ಕೋಶಗಳನ್ನು ಕಿರಿದಾಗಿಸುವುದು ಕಷ್ಟವಿತ್ತು, ನಿಶ್ಚಲ ಚಿತ್ರ ಬಹುಕಾಲ ನಿಂತರೆ ಅದರ ನೆರಳು ಪರದೆಯಲ್ಲಿ ಉಳಿದುಬಿಡುತ್ತಿತ್ತು. ಇವುಗಳೊಡನೆ ಇನ್ನೊಂದನ್ನೂ ಮರೆಯಬಾರದು. ಗಿರಾಕಿ ಟಿ.ವಿ.ಯನ್ನು ಆರಿಸುವುದು ಅಂಗಡಿಯ ಝಗಝಗಿಸುವ ದೀಪಗಳ ಕೆಳಗೆ. ಅಲ್ಲಿ ಎಲ್‌ಸಿಡಿ ಮಿರುಗುತ್ತಿತ್ತು, ಪ್ಲಾಸ್ಮಾ ಮಂಕಾಗಿ ಕಾಣುತ್ತಿತ್ತು.

ಇಂದಿನ ಹೆಸರುಗಳ ಗೊಂದಲ ಈಗ ಬಿಡಿಸಿಕೊಳ್ಳುತ್ತದೆ. ಎಲ್‌ಇಡಿ ಟಿ.ವಿ.ಯೆಂಬುದು ಎಲ್‌ಸಿಡಿಯೇ, ಹಿಂದಿನ ದೀಪ ಮಾತ್ರ ಬದಲಾಗಿದೆ. ನೀಲಿ ಎಲ್‌ಇಡಿಯ ಶೋಧಕ್ಕಾಗಿ 2014ರಲ್ಲಿ ನೊಬೆಲ್ ಪಡೆದ ಅಕಸಾಕಿ, ಅಮಾನೊ, ನಕಾಮುರ ಅವರಿಗೆ ಆ ದೀಪ ಋಣಿ. ಕ್ಯೂಎಲ್‌ಇಡಿಯಲ್ಲಿ ಕ್ವಾಂಟಮ್ ಚುಕ್ಕೆಗಳ ಪದರವೊಂದು ಬಣ್ಣವನ್ನು ಶುದ್ಧಗೊಳಿಸುತ್ತದೆ. ಮಿನಿ ಎಲ್‌ಇಡಿಯಲ್ಲಿ ಹಿಂದಿನ ದೀಪಗಳನ್ನು ನೂರಾರು ವಲಯಗಳಾಗಿ ಒಡೆದು, ಕತ್ತಲಿರುವ ಕಡೆ ನಂದಿಸುತ್ತಾರೆ. ಓಎಲ್‌ಇಡಿ ಮಾತ್ರ ಬೇರೆಯ ಕುಲ. 1987ರಲ್ಲಿ ಕೊಡಾಕ್ ಸಂಸ್ಥೆಯ ಚಿಂಗ್ ಟಾಂಗ್ ಮತ್ತು ಸ್ಟೀವನ್ ವ್ಯಾನ್ ಸ್ಲೈಕ್ ಪ್ರಕಟಿಸಿದ ಶೋಧ ಅದರ ಬುನಾದಿ. ಪ್ಲಾಸ್ಮಾದಂತೆ ಅದರ ಪ್ರತಿಯೊಂದು ಬಿಂದುವೂ ಸ್ವಯಂದೀಪ. ಆರಿದರೆ ಪೂರ್ಣ ಕಪ್ಪು, ಓರೆಯಿಂದಲೂ ಚಿತ್ರ ಮಾಸದು. ನೆರಳು ಉಳಿಯುವ ದೋಷವೂ ಪ್ಲಾಸ್ಮಾದಿಂದ ಬಂದ ಬಳುವಳಿಯಂತೆ ಅದರಲ್ಲಿದೆ.

ಇಷ್ಟು ತಿಳಿದ ಮೇಲೂ ನಮ್ಮಲ್ಲಿ ಒಮ್ಮತ ಮೂಡಲಿಲ್ಲ. ಓಎಲ್‌ಇಡಿಯ ಹಣಕ್ಕೆ ಇನ್ನೂ ದೊಡ್ಡ ಮಿನಿ ಎಲ್‌ಇಡಿ ಬರುತ್ತದೆ; ಅಂಗಡಿಯಲ್ಲಿ ಕಣ್ಣು ಸೆಳೆದುದೂ ಅದೇ. ನಮ್ಮ ಕೋಣೆಗೆ ಪಡುವಣದ ಕಿಟಕಿಗಳು, ಚಿತ್ರ ನೋಡುವುದು ಭಾನುವಾರ ಮಧ್ಯಾಹ್ನ. ಆಗ ಹಿರಿಯ ಸದಸ್ಯರೊಬ್ಬರು ಕೇಳಿದರು: “ನಾವು ನೋಡುವುದು ಏನನ್ನು?” ನೋಡುವುದು ಬಹುಪಾಲು ಕಪ್ಪು-ಬಿಳುಪಿನ ಚಿತ್ರಗಳನ್ನು, ತಿಂಗಳಿಗೊಮ್ಮೆ, ಎರಡು-ಮೂರು ಗಂಟೆ, ಅರ್ಧ ಜನ ಗೋಡೆಯ ಪಕ್ಕದ ಕುರ್ಚಿಗಳಿಂದ. ದಿನವಿಡೀ ಸುದ್ದಿ, ಧಾರಾವಾಹಿ, ಕ್ರಿಕೆಟ್ ಓಡುವ ಬೆಳಕಿನ ಹಜಾರವಾಗಿದ್ದರೆ ಮಿನಿ ಎಲ್‌ಇಡಿಯೇ ಸರಿಯಾದ ಆಯ್ಕೆ. ನಮ್ಮ ಸದಸ್ಯರ ಮನೆಗಳಿಗೂ ಅದನ್ನೇ ಸೂಚಿಸುತ್ತೇವೆ. ಬಳಗದ ಕೋಣೆಗೆ ಮಾತ್ರ ಅರವತ್ತೈದು ಅಂಗುಲದ ಓಎಲ್‌ಇಡಿಯೆಂದು ತೀರ್ಮಾನವಾಯಿತು. ಇದರ ಕುಲವೂ ಒಂದು ದಿನ ನಿಂತೀತು, ಬಿಡಿಭಾಗಗಳು ಸಿಗದೆ ಹೋದಾವು ಎಂಬ ಎಚ್ಚರದಿಂದ ಹೆಚ್ಚುವರಿ ವರ್ಷಗಳ ಖಾತರಿಯನ್ನೂ ಕೇಳಿಕೊಂಡಿದ್ದೇವೆ.

ಉಳಿದ ಹಣದಲ್ಲಿ ಮೊದಲು ಹೊಲಿಸಿದ್ದು ಕಿಟಕಿಗಳಿಗೆ ದಪ್ಪ ಪರದೆಗಳನ್ನು. ಪ್ರದರ್ಶನವನ್ನೂ ಸಂಜೆ ಏಳಕ್ಕೆ ಮುಂದೂಡಿದ್ದೇವೆ. ಮುಂದಿನ ತಿಂಗಳ ಚಿತ್ರ ಗಿರೀಶ ಕಾಸರವಳ್ಳಿಯವರ ‘ಘಟಶ್ರಾದ್ಧ’. ಅದೂ 1977ರದೇ.