ಪುಟ್ಟಕ್ಕ ಆಗೂಕಿಂತ ಮೊದಲಿನ ಉಮಾಶ್ರೀ

ನಮ್ಮ ಸೊಸೆಂದ್ರಿಗೆ, ಮೊಮ್ಮಕ್ಕಳಿಗೆ ಉಮಾಶ್ರೀ ಅಂದ್ರ ಪುಟ್ಟಕ್ಕ. ಗಂಡು ಹಡೀಲಿಲ್ಲಂತ ಗಂಡ ಬಿಟ್ಟು ಹ್ವಾದ ಮ್ಯಾಲ ಮೆಸ್ ನಡಸಿ ಮೂರು ಹೆಣ್ಣುಮಕ್ಕಳನ್ನ ಸಾಕಿದ ತಾಯಿ. ಆದ್ರ ನಮ್ಮ ವಯಸ್ಸಿನವ್ರಿಗೆ ಅವ್ರ ಹೆಸರು ಅಂದಕೂಡ್ಲೆ ಬ್ಯಾರೆ ಏನೇನೋ ನೆನಪಿಗೆ ಬರತಾವು. ಅದನ್ನೂ ಬರದು ಇಡಬೇಕು ಅನಿಸ್ತು ನೋಡ್ರಿ ಅಕ್ಕಾರ.

ಉಮಾಶ್ರೀ ಹುಟ್ಟಿದ್ದು 1957ರಾಗ, ತುಮಕೂರು ಜಿಲ್ಲಾದ ಕಡೆಯವ್ರು. ಬಂದದ್ದು ನಾಟಕದಿಂದ. ಮಂದಿಗೆ ಹೆಸರು ಗೊತ್ತಾಗಿದ್ದು ಮಾತ್ರ 1984ರ ಕಾಶಿನಾಥ್ ಅವರ ‘ಅನುಭವ’ ಸಿನಿಮಾದಿಂದ. ಆಮ್ಯಾಲ ವರ್ಷಾನುಗಟ್ಲೆ ಹಾಸ್ಯದ ಪಾತ್ರಾನ. ಎನ್.ಎಸ್.ರಾವ್ ಜೋಡಿ ಜಗಳ, ಎರಡರ್ಥದ ಮಾತು, ಸೊಂಟಕ್ಕ ಸೆರಗು ಸಿಗಿಸಿ ಕೂಗಾಡೂದು. ಗಂಡಸ್ರು ಬಿದ್ದು ಬಿದ್ದು ನಗ್ತಿದ್ರು, ನಾವು ಸೆರಗು ಬಾಯಿಗೆ ಹಿಡಕೊಂಡು ನಗ್ತಿದ್ವಿ. ಆದ್ರ ಮನಿಗೆ ಬಂದ ಮ್ಯಾಲ, ‘ಅಯ್ಯ, ಆಕಿ ಅಂಥ ಪಾತ್ರಾ ಮಾಡಾಕಿ’ ಅಂತ ಮೂಗು ಮುರದವ್ರೂ ನಾವ! ಅಂಥಾ ಮಾತು ಗಂಡಸ ಆಡಿದ್ರ ಅವ ಹಾಸ್ಯನಟ, ಹೆಂಗಸ ಆಡಿದ್ರ ಬ್ಯಾರೆ ಹೆಸರು. ಹೊಟ್ಟಿಪಾಡಿಗೆ ದುಡಿಯೂ ಹೆಣ್ಣುಮಗಳು ಬಂದ ಪಾತ್ರಾನ ಒಲ್ಲೆ ಅನ್ನೂದು ಅಷ್ಟು ಹಗುರ ಅಲ್ಲ.

ಅದ ಹೊತ್ತಿಗೆ ರಂಗಭೂಮಿ ನೋಡೂ ಮಂದಿಗೆ ಬ್ಯಾರೆ ಉಮಾಶ್ರೀ ಗೊತ್ತಿದ್ರು. ದೇವನೂರ ಮಹಾದೇವ ಅವರ ‘ಒಡಲಾಳ’ ನಾಟಕ ಆದಾಗ, ಕಳದು ಹ್ವಾದ ಹುಂಜಕ್ಕಾಗಿ ಊರೆಲ್ಲಾ ಬೈಕೋಂತ ಅಡ್ಡಾಡೂ ಮುದುಕಿ ಸಾಕವ್ವ ಆಗಿದ್ರು ಅವ್ರು. ಇವತ್ತಿಗೂ ಸಾಕವ್ವ ಅಂದ್ರ ಉಮಾಶ್ರೀ ಅನ್ನೂ ಮಂದಿ ಅದಾರ. ಮುದುಕಿ ಆಗೂದು ಅವ್ರಿಗೆ ಹೊಸಾದಲ್ಲ ಬಿಡ್ರಿ. 1995ರ ‘ಪುಟ್ನಂಜ’ದಾಗ ರವಿಚಂದ್ರನ್‌ಗೆ ಅಜ್ಜಿ ಆದ್ರು. ಆಗ ಅವ್ರಿಗೆ ಇನ್ನೂ ನಲವತ್ತೂ ತುಂಬಿರಲಿಲ್ಲ, ರವಿಚಂದ್ರನ್‌ಗಿಂತ ನಾಕು ವರ್ಷ ಅಷ್ಟ ದೊಡ್ಡವ್ರು! ನಡು ಬಾಗಿಸಿ, ದನಿ ಒಡಕು ಮಾಡಿ ನಿಂತ್ರಂದ್ರ ಯಾರಿಗೂ ಅನುಮಾನ ಬರಲಿಲ್ಲ.

ನನಗ ಎಲ್ಲಾಕ್ಕಿಂತ ಹಿಡಸಿದ್ದು ‘ಗುಲಾಬಿ ಟಾಕೀಸ್’. ವೈದೇಹಿಯವರ ಕತಿ, ಗಿರೀಶ್ ಕಾಸರವಳ್ಳಿ ಸಿನಿಮಾ ಮಾಡಿದ್ದು. ಕುಂದಾಪುರದ ಕಡೆ ಮೀನುಗಾರರ ಓಣಿ, ಕಾರ್ಗಿಲ್ ಯುದ್ಧದ ಕಾಲ. ಗುಲಾಬಿ ಸಿನಿಮಾ ಹುಚ್ಚಿನ ಸೂಲಗಿತ್ತಿ, ಮುಸಲ್ಮಾನರಾಕಿ. ಗಂಡ ಇನ್ನೊಬ್ಬಾಕಿನ್ನ ಕಟ್ಟಿಕೊಂಡು ಇಕಿನ್ನ ಮರತಾನ. ಬಾಣಂತನ ಮಾಡಿದ್ದಕ್ಕ ಆಕಿಗೆ ಟಿವಿ ಸಿಗತೈತಿ. ಮೊದಲು ದೂರ ನಿಂತ ಹೆಣ್ಣುಮಕ್ಕಳು ಒಬ್ಬೊಬ್ರ ಆಕಿ ಮನ್ಯಾಗ ಟಿವಿ ಮುಂದ ಬಂದು ಕುಂಡ್ರತಾರ. ಕಡೀಕ ಊರಾಗ ಜಾತಿ ಧರ್ಮದ ಹೊಗಿ ಎದ್ದಾಗ ಆಕಿನ್ನ ಆ ಮನಿ ಬಿಟ್ಟು ಕಳಸ್ತಾರ. ಆ ಪಾತ್ರದಾಗ ಒಂದು ಕೂಗಾಟಾ ಇಲ್ಲ. ಹಾಸ್ಯದ ಪಾತ್ರದಾಗ ಅಷ್ಟು ಒದರಿದ ದನಿ ಇಲ್ಲಿ ಪೂರಾ ತಣ್ಣಗ. ಆ ಪಾತ್ರಕ್ಕ 55ನೇ ರಾಷ್ಟ್ರಪ್ರಶಸ್ತಿಯೊಳಗ ಶ್ರೇಷ್ಠ ನಟಿ ಅಂತ ಅವ್ರನ್ನ ಆರಿಸಿದ್ರು. ನಾಯಕಿ ಆಗಿ ಮೆರದವ್ರಿಗಲ್ಲ, ಇಡೀ ದೇಶದಾಗ ನಮ್ಮ ಈ ಪೋಷಕ ನಟಿಗೆ!

ನಮ್ಮ ಬಾಗಲಕೋಟಿ ಜಿಲ್ಲಾಕ್ಕೂ ಅವ್ರಿಗೂ ನಂಟೈತಿ. 2013ರಾಗ ತೇರದಾಳದಿಂದ ಆರಿಸಿ ಬಂದು ಮಂತ್ರಿ ಆದ್ರು. ಸಿದ್ದರಾಮಯ್ಯನವರ ಆಗಿನ ಮೊದಲ ಸಂಪುಟದಾಗ ಅವ್ರೊಬ್ರ ಹೆಣ್ಣುಮಗಳು. ಕನ್ನಡ ಮತ್ತು ಸಂಸ್ಕೃತಿ, ಮಹಿಳಾ ಮತ್ತು ಮಕ್ಕಳ ಇಲಾಖೆ ನೋಡಿಕೊಂಡ್ರು. ರಾಜಕೀಯದ ಲೆಕ್ಕಾಚಾರ ನಾ ಹೇಳಾಕಿ ಅಲ್ಲ, ಅದು ಮತಾ ಹಾಕಿದವ್ರಿಗೆ ಬಿಟ್ಟದ್ದು. 2018ರಾಗ ಅಲ್ಲೇ ಸೋತ್ರು.

ಸೋತವ್ರು ಸುಮ್ನ ಕುಂಡ್ರಲಿಲ್ಲ, ತಿರುಗಿ ಬಣ್ಣ ಹಚ್ಚಿದ್ರು. 2021ರ ಡಿಸೆಂಬರ್‌ದಾಗ ಜೀ ಕನ್ನಡದಾಗ ‘ಪುಟ್ಟಕ್ಕನ ಮಕ್ಕಳು’ ಶುರುವಾತು. 2023ರಾಗ ವಿಧಾನ ಪರಿಷತ್ತಿಗೆ ನಾಮಕರಣ ಆದ್ರೂ ಧಾರಾವಾಹಿ ಬಿಡಲಿಲ್ಲ. ಆಗ ಇತ್ತ ಶಾಸಕಿ, ಅತ್ತ ಸಂಜಿಕ ನಮ್ಮ ಮನ್ಯಾಗ ಮೆಸ್ಸಿನ ಪುಟ್ಟಕ್ಕ ಆಗಿದ್ರು.