ಬಾದಾಮಿಯ ಮರಳುಗಲ್ಲು ಗುಡ್ಡಗಳು

ಬಾಗಲಕೋಟೆ ಜಿಲ್ಲೆಯ ಮಲಪ್ರಭಾ ಕಣಿವೆಯಲ್ಲಿ ಬಾದಾಮಿ, ಗುಳೇದಗುಡ್ಡ, ಪಟ್ಟದಕಲ್ಲು, ಐಹೊಳೆಗಳ ಸುತ್ತ ಹರಡಿರುವ ಗುಡ್ಡಗಳು. ನೆತ್ತಿ ಚಪ್ಪಟೆ, ಅಂಚು ಕಡಿದು. ಕಲ್ಲಿನ ಕೆಂಪು ಕಬ್ಬಿಣದ ಆಕ್ಸೈಡಿನಿಂದ ಬಂದದ್ದು. ನೆಟ್ಟನೆಯ ಸೀಳುಗಳಲ್ಲಿ ಮಳೆನೀರು ಇಳಿದು ಬಂಡೆಯನ್ನು ಕಂಬಗಳಂತೆ ಬಿಡಿಸಿದೆ. ತಪ್ಪಲಲ್ಲಿ ಮಸಾರಿ ನೆಲ, ಹೊಳೆಯ ಬಯಲಲ್ಲಿ ಎರೆ.

ಭೂವೈಜ್ಞಾನಿಕ ಇತಿಹಾಸ: ಈ ಶಿಲೆಗಳನ್ನು ಇಂದಿಗೂ ಹಲವು ಬರಹಗಳು ಒಟ್ಟಾಗಿ ‘ಕಲಾದಗಿ ಶಿಲೆ’ ಎನ್ನುತ್ತವೆ. ಗೊಂದಲದ ಮೂಲ ಹಳೆಯದು. ರಾಬರ್ಟ್ ಬ್ರೂಸ್ ಫೂಟ್ 1876ರ ವರದಿಯಲ್ಲಿ ‘ಕಲಾದಗಿ ಶ್ರೇಣಿ’ ಎಂಬ ಹೆಸರನ್ನು ಬಳಕೆಗೆ ತಂದರು. ಅದರೊಳಗೆ ಎರಡು ಬೇರೆ ಕಾಲದ ನಿಕ್ಷೇಪಗಳಿರುವುದು 20ನೆಯ ಶತಮಾನದ ಉತ್ತರಾರ್ಧದ ಅಧ್ಯಯನಗಳಲ್ಲಿ ಸ್ಪಷ್ಟವಾಯಿತು. ಕೆಳಗಿನ ಬಾಗಲಕೋಟೆ ಸಮೂಹದ ಪದರಗಳು ಒತ್ತಡಕ್ಕೆ ಸಿಕ್ಕಿ ಮಡಿಚಿಕೊಂಡಿವೆ. ಅವು ಸವೆದ ಬಳಿಕ ಮೇಲೆ ಸಂಚಯಿಸಿದ ಬಾದಾಮಿ ಸಮೂಹ ಬಹುಮಟ್ಟಿಗೆ ಮಟ್ಟಸವಾಗಿಯೇ ಉಳಿದಿದೆ. ಗುಡ್ಡದ ನೆತ್ತಿ ಚಪ್ಪಟೆಯಾಗಿರುವುದಕ್ಕೆ ಕಾರಣ ಇದೇ. ಬಾದಾಮಿ ಸಮೂಹವನ್ನು ಸಾಮಾನ್ಯವಾಗಿ ನವಪ್ರೊಟೆರೊಜೋಯಿಕ್ ಕಾಲಕ್ಕೆ ಸೇರಿಸುತ್ತಾರೆ. ಖಚಿತ ವಯಸ್ಸು ಇನ್ನೂ ಚರ್ಚೆಯಲ್ಲಿದೆ. ಬಾದಾಮಿಯ ಗುಹಾಲಯಗಳನ್ನು ಕೊರೆದ ಪದರಕ್ಕೆ ಭೂವಿಜ್ಞಾನಿಗಳು ‘ಗುಹಾಲಯ ಅರೆನೈಟ್’ ಎಂದೇ ಹೆಸರಿಟ್ಟಿದ್ದಾರೆ.

ಮಾನವ ಇತಿಹಾಸ: ಖ್ಯಾಡದ ಬಳಿ ಹಳೆಯ ಶಿಲಾಯುಗದ ಉಪಕರಣಗಳೂ ಸಿಡಿಲಪಡಿಯ ಕಲ್ಲಾಸರೆಯಲ್ಲಿ ಪ್ರಾಗೈತಿಹಾಸಿಕ ವರ್ಣಚಿತ್ರಗಳೂ ದೊರೆತಿವೆ. ಶಕ 465ರ (ಕ್ರಿ.ಶ. 543) ಬಂಡೆಶಾಸನ, ಚಾಲುಕ್ಯ ಅರಸ ಒಂದನೆಯ ಪುಲಕೇಶಿ ವಾತಾಪಿಯ (ಇಂದಿನ ಬಾದಾಮಿಯ) ಬೆಟ್ಟವನ್ನು ಮೇಲೂ ಕೆಳಗೂ ದುರ್ಗವಾಗಿಸಿದನೆಂದು ಹೇಳುತ್ತದೆ. ಮೂರನೆಯ ಗುಹಾಲಯದ ಶಾಸನ 578ರದು. ಐಹೊಳೆಯ ಮೇಗುತಿ ಗುಡ್ಡದ ರವಿಕೀರ್ತಿಯ ಶಾಸನ 634ರದು. ಮುಂದೆ ಪಲ್ಲವ, ರಾಷ್ಟ್ರಕೂಟ, ವಿಜಯನಗರ, ಆದಿಲಶಾಹಿ, ಮರಾಠ, ಮೈಸೂರು ಅರಸರ ಕೈ ದಾಟಿ ಬಾದಾಮಿಯ ಕೋಟೆ 1818ರಲ್ಲಿ ಬ್ರಿಟಿಷರ ವಶವಾಯಿತು.

ಕಲ್ಲುಗಣಿಗಳು: ಗುಡಿಗಳ ಬಗ್ಗೆ ಬರವಣಿಗೆ ಹೇರಳ, ಅವುಗಳ ಕಲ್ಲು ಎಲ್ಲಿಂದ ಬಂತೆಂಬುದು ದಾಖಲಾದದ್ದು ತಡವಾಗಿ. ಪಟ್ಟದಕಲ್ಲಿನ ಉತ್ತರಕ್ಕಿರುವ ಶಂಕರಲಿಂಗನ ಗುಂಡಿನ ಬಂಡೆಗಳಲ್ಲಿ ಕಲ್ಲು ಸೀಳಲು ಬೆಣೆ ಬಡಿದ ಕುಳಿಗಳೂ ಶಿಲ್ಪಿಗಳು ಕೆತ್ತಿದ ಹೆಸರುಗಳೂ ರೇಖಾಚಿತ್ರಗಳೂ ಉಳಿದಿವೆ. ಕಲ್ಲು ಪದರದ ಗುಂಟ ಚಪ್ಪಡಿಯಾಗಿ ಏಳುವ ಗುಣವೇ ಚಾಲುಕ್ಯ ಕಟ್ಟಡಗಳಿಗೆ ದೊಡ್ಡ ಚಪ್ಪಡಿಗಳನ್ನು ಒದಗಿಸಿತು. 1987ರಲ್ಲಿ ಪಟ್ಟದಕಲ್ಲಿನ ಗುಡಿಗಳ ಸಮೂಹ ವಿಶ್ವ ಪರಂಪರೆಯ ಪಟ್ಟಿ ಸೇರಿತು. ಕಲ್ಲು ಕೊಟ್ಟ ಗುಡ್ಡ ಆ ತಾಣದ ಗಡಿಯ ಹೊರಗಿದೆ.