ನೆತ್ತರುಗೊಡಗೆಯ ಋಣ
ಹಳೆಯ ಮೈಸೂರು ಸಂಸ್ಥಾನದ ಕುದುರೆಪಡೆ ಮೈಸೂರು ಲ್ಯಾನ್ಸರ್ಸ್, 1918ರ ಸೆಪ್ಟೆಂಬರ್ 23ರಂದು ಜೋಧಪುರದ ಸವಾರರೊಡನೆ ಸೇರಿ ಇಂದಿನ ಇಸ್ರೇಲಿನ ಹೈಫಾ ಪಟ್ಟಣವನ್ನು ತುರ್ಕರಿಂದ ಗೆದ್ದಿತು. ಸತ್ತವರು ಪ್ರತಿಫಲ ಕೊಡಲಾರರು, ಆದ್ದರಿಂದ ಅವರಿಗೆ ಮಾಡುವ ಉಪಕಾರವೇ ನಿಜವಾದ ಉಪಕಾರ ಎಂದು ಅಲ್ಲಿನ ಯಹೂದಿಗಳು ನಂಬುತ್ತಾರೆ; ಅದನ್ನು ‘ಹೆಸೆದ್ ಶೆಲ್ ಎಮೆತ್’ ಎನ್ನುತ್ತಾರೆ. ಗೋರಿಯ ಮೇಲೆ ಪುಟ್ಟ ಕಲ್ಲಿಟ್ಟು ನೆನೆಯುವುದು ಅವರ ರೂಢಿ. ಕಲ್ಲಿನಿಂದ ನೆನೆಯುವುದು ನಮಗೂ ಹೊಸತಲ್ಲ.

ಕಾದಿ ಮಡಿದವರಿಗಾಗಿ ನಿಲ್ಲಿಸಿದ ನಮ್ಮ ವೀರಗಲ್ಲಿನ ಕೆಳಗೆ ಕಾಳಗ, ನಡುವೆ ಅಪ್ಸರೆಯರು, ಮೇಲೆ ಕೈಲಾಸ. ಇದು ಹರೆಯದವರನ್ನು ಸಾವಿಗೆ ಹುರಿದುಂಬಿಸುವ ಅರಸರ ಉಪಾಯ ಎಂಬ ಆಕ್ಷೇಪವಿದೆ. ಅದರಲ್ಲಿ ಸತ್ಯಾಂಶವೂ ಇದೆ. ಆದರೆ ಎಷ್ಟೋ ಕಲ್ಲುಗಳು ಊರ ತುರುಗಳನ್ನು ಬಿಡಿಸಲು ಹೋಗಿ ಮಡಿದವರವು. ಸತ್ತವನ ಮನೆಯವರಿಗೆ ‘ನೆತ್ತರುಗೊಡಗೆ’ಯಾಗಿ ಭೂಮಿ ಬಿಟ್ಟದ್ದನ್ನೂ ಶಾಸನಗಳು ಹೇಳುತ್ತವೆ. ಹೊಗಳಿಕೆಗಿಂತ ಈ ಹೊಣೆಯೇ ದೊಡ್ಡದೆಂಬುದು ನನ್ನ ನಿಲುವು. ಲ್ಯಾನ್ಸರ್ಸ್ ಕಾದಿದ್ದು ಬ್ರಿಟಿಷರ ಸಾಮ್ರಾಜ್ಯಕ್ಕಾಗಿ ಅಲ್ಲವೇ ಎನ್ನಬಹುದು. ನಿಜ, ಆದರೆ ಯುದ್ಧವನ್ನು ಆರಿಸಿದ್ದು ಸವಾರನಲ್ಲ. ಸಾಮ್ರಾಜ್ಯದ ತಪ್ಪನ್ನು ಅವನ ಲೆಕ್ಕಕ್ಕೆ ಬರೆಯುವುದು ಅನ್ಯಾಯ. ಇಂಥ ಸವಾರರ ನೆನಪಿಗೆ ನಿಂತ ದೆಹಲಿಯ ತೀನ್ ಮೂರ್ತಿ ಸ್ಮಾರಕದ ಮೂವರು ಯೋಧರಲ್ಲಿ ಒಬ್ಬ ಮೈಸೂರಿನವನು.